ಒಂದು ಗೇಣು ಸರಿದ ಬಾಗಿಲು

ಕಡೂರಿನ ಮಾರುಕಟ್ಟೆಯ ಹಿಂದೆ ಒಂದು ಕೊಬ್ಬರಿ ಗೋದಾಮು. ಅದರ ಮೂಲೆಯಲ್ಲಿ ನಮ್ಮ ರೋಬೋಟ್‌ಗೆ ಜಾಗ ಸಿಕ್ಕಿತ್ತು. ಬೆಳಿಗ್ಗೆ ಟಾರ್ಪಾಲು ಸರಿಸಿ, ಇಲಿ ಯಾವ ವೈರು ಕಡಿದಿದೆ ಎಂದು ಹುಡುಕುವುದೇ ನನ್ನ ದಿನದ ಮೊದಲ ಸಂಶೋಧನೆ. ಆಮೇಲೆ ಅದನ್ನು ಮಿನಿ ಲಾರಿಗೆ ಹತ್ತಿಸಿ, ಹಗ್ಗ ಬಿಗಿದು, ಹಿರೇನಲ್ಲೂರಿನ ದಾರಿ ಹಿಡಿಯಬೇಕು. ಹಂಪು ಬಂದಾಗಲೆಲ್ಲ ಮುಂದಿನ ಸೀಟಿನಲ್ಲಿ ಕೂತ ನಾನು ಹಲ್ಲು ಕಚ್ಚುತ್ತಿದ್ದೆ. ಪ್ರಯೋಗಾಲಯದ ನುಣುಪು ನೆಲದ ಮೇಲೆ ಬೆಳೆದ ಯಂತ್ರ ಅದು. ಸಂಜೆ ವಾಪಸು ಬರುವಾಗ ಅದಕ್ಕಿಂತ ನನ್ನ ನಟ್ಟು ಬೋಲ್ಟುಗಳೇ ಹೆಚ್ಚು ಸಡಿಲವಾಗಿರುತ್ತಿದ್ದವು.

ಮಾಡಬೇಕಾಗಿದ್ದ ಕೆಲಸ ಹೇಳಲು ಸುಲಭ. ಸಿಮೆಂಟ್ ಬ್ಲಾಕಿನ ಗೋಡೆಯನ್ನು ರೋಬೋಟ್ ಕೈಯಲ್ಲಿ ಕಟ್ಟಿಸುವುದು, ಅದೂ ಜನ ನಿಜವಾಗಿ ವಾಸ ಮಾಡುವ ಮನೆಯಲ್ಲಿ. ಮನೆಯ ಪೂರ್ತಿ ಡಿಜಿಟಲ್ ಮಾಡೆಲ್ ಕಂಪ್ಯೂಟರಿನಲ್ಲಿ ಇರುತ್ತದೆ. ಯಾವ ಬ್ಲಾಕು ಎಲ್ಲಿ ಕೂರಬೇಕು ಎಂಬುದು ಅದರಲ್ಲಿ ಗೊತ್ತಾಗಿರುತ್ತದೆ. ರೋಬೋಟ್ ಅದನ್ನು ಓದಿಕೊಂಡು, ಗಾರೆ ಸುರಿದು, ಬ್ಲಾಕು ಎತ್ತಿ ಇಡಬೇಕು. ಮಾಡೆಲ್ ನನ್ನ ಸಹೋದ್ಯೋಗಿಯದು. ನನ್ನದು ತೋಳಿನ ನಿಯಂತ್ರಣ, ಅಂದರೆ ಬ್ಲಾಕನ್ನು ಹಸಿ ಗಾರೆಯ ಮೇಲೆ ಎಷ್ಟು ಒತ್ತಬೇಕು, ಯಾವಾಗ ಕೈಬಿಡಬೇಕು ಎಂಬ ಲೆಕ್ಕ. ಗಾರೆ ಕೆಲಸದ ಮೇಸ್ತ್ರಿ ಕಡೂರಿನ ಸಾಬರು. ಅವರು ಮೊದಲ ದಿನವೇ ನಮ್ಮಿಬ್ಬರಿಗೂ ಹೆಸರಿಟ್ಟರು: ಅವಳು ಕಂಪ್ಯೂಟರ್ ಮೇಡಂ, ನಾನು ಮಿಷನ್ ಮೇಡಂ.

ಮನೆ ಹಿರೇನಲ್ಲೂರಿನ ಅಂಚಿನಲ್ಲಿತ್ತು. ಮನೆಯೊಡತಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಯಜಮಾನರು ಖಾಸಗಿ ಬಸ್ಸಿನ ಕಂಡಕ್ಟರು, ಕಣ್ಣಿಗೆ ಬೀಳುವುದೇ ಅಪರೂಪ. ಹಳೆಯ ಮನೆ ಕೆಡವಿ, ಪಾಯ ಮುಗಿಸಿ, ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಗೋಡೆಯ ಖರ್ಚು ನಮ್ಮ ಪ್ರಾಜೆಕ್ಟಿನದು, ಅದಕ್ಕೇ ಅವರು ಒಪ್ಪಿದ್ದು. ಒಪ್ಪುವಾಗ ಅವರು ಕೇಳಿದ್ದು ಒಂದೇ ಮಾತು.

"ನನ್ ಮಗಳ್ನ ಅಜ್ಜಂಪುರಕ್ಕೆ ಕೊಟ್ಟಿದೀವಿ. ಚೊಚ್ಚಲು. ಏಳು ತುಂಬ್ತಿದ್ದಂಗೆ ಕರ್ಕೊಂಡ್ ಬರ್ಬೇಕು. ಅಷ್ಟ್ರಲ್ಲಿ ಗೋಡೆ ಎದ್ದಿರ್ತವಾ, ಇಲ್ವಾ? ಅದೊಂದ್ ಹೇಳ್ಬಿಡಿ ಮೇಡಂ."

"ಖಂಡಿತ ಎದ್ದಿರ್ತವೆ ಅಮ್ಮಾ," ಎಂದೆ. ರೋಬೋಟ್ ದಿನಕ್ಕೆ ಎಷ್ಟು ಬ್ಲಾಕು ಇಡುತ್ತದೆ ಎಂಬ ಪ್ರಯೋಗಾಲಯದ ಲೆಕ್ಕ ನನ್ನ ತಲೆಯಲ್ಲಿತ್ತು. ಆ ಲೆಕ್ಕದಲ್ಲಿ ಕರೆಂಟು ಹೋಗುತ್ತಿರಲಿಲ್ಲ.

ಇಲ್ಲಿ ಹೋಗುತ್ತಿತ್ತು. ತ್ರೀ ಫೇಸ್ ಬರುವುದು ತೋಟದ ಮೋಟಾರುಗಳಿಗೆ ನೀರೆತ್ತುವ ಹೊತ್ತಿನಲ್ಲಿ ಮಾತ್ರ, ಆಗಲೂ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಎಳೆದರೆ ನಮ್ಮ ತೋಳು ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಡುತ್ತಿತ್ತು. ಬಾಡಿಗೆಗೆ ಜನರೇಟರ್ ತಂದೆವು. ಬ್ಲಾಕುಗಳದು ಇನ್ನೊಂದು ಕಥೆ. ಒಂದೇ ಅಚ್ಚಿನಿಂದ ಬಂದಿದ್ದರೂ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಲವಕ್ಕೆ ಅಂಚು ಉದುರಿತ್ತು, ತೋಳಿನ ತುದಿಯ ಹಿಡಿಕೆಯಿಂದ ಜಾರುತ್ತಿದ್ದವು. ಹಿಡಿಕೆಗೆ ರಬ್ಬರಿನ ದವಡೆ ಕೂರಿಸಲು ತರೀಕೆರೆಯ ಲೇತ್ ಅಂಗಡಿಗೆ ಎಷ್ಟು ಸಲ ಓಡಾಡಿದೆನೋ. ಅಂಗಡಿಯವನು ಕೊನೆಕೊನೆಗೆ ನನ್ನನ್ನು ಕಂಡ ಕೂಡಲೇ "ಮತ್ತೆ ಉಗುಳ್ತಾ ಮೇಡಂ?" ಎಂದು ಕೇಳುತ್ತಿದ್ದ. ಇವೆಲ್ಲ ಸುಸ್ತು ಮಾಡುವ ತೊಂದರೆಗಳೇ ಹೊರತು ಹೆದರಿಸುವಂಥವಲ್ಲ. ಹೆದರಿಸುವಂಥದ್ದು ಆಮೇಲೆ ಬಂತು.

ಕಂಪ್ಯೂಟರಿನಲ್ಲಿ ಮನೆ ಬರೆಯುವವರು ಸಾಮಾನ್ಯವಾಗಿ ಗೋಡೆ ಕಟ್ಟಿ, ನಡುವೆ ಬಾಗಿಲಿಗೆ ಜಾಗ ಬಿಡುತ್ತಾರೆ. ಈ ಕಡೆ ಹಾಗಲ್ಲ. ಪಾಯ ಮುಗಿದ ಮೇಲೆ ಒಳ್ಳೆಯ ಗಳಿಗೆ ನೋಡಿ ಮೊದಲು ಬಾಗಿಲುವಾಡ ನಿಲ್ಲಿಸುತ್ತಾರೆ. ಹೊಸಿಲ ಕೆಳಗೆ ನವಧಾನ್ಯ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ ಪೂಜೆ ಮಾಡುತ್ತಾರೆ. ಗೋಡೆ ಆಮೇಲೆ ಎರಡೂ ಕಡೆಯಿಂದ ಬಂದು ಅದನ್ನು ಸೇರಿಕೊಳ್ಳುತ್ತದೆ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬುದ್ಧಿವಂತಿಕೆ ಮಾಡಿದ್ದೆವು. ಕಟ್ಟಡದ ಜಾಗದಲ್ಲಿ ನೆಟ್ಟಗೆ, ಚೂಪಾದ ಅಂಚಿರುವ ವಸ್ತು ಅದೊಂದೇ. ಆದ್ದರಿಂದ ರೋಬೋಟ್ ತಾನು ಎಲ್ಲಿ ನಿಂತಿದ್ದೇನೆ ಎಂದು ತಿಳಿಯಲು ಪಾಯದ ಮೂಲೆಗಳಿಗೆ ಹೊಡೆದ ಮೊಳೆಗಳ ಜೊತೆಗೆ ಬಾಗಿಲುವಾಡದ ಎರಡು ಕಾಲುಗಳನ್ನೂ ಗುರುತು ಹಿಡಿಯುವಂತೆ ಮಾಡಿದ್ದೆವು. ಪೂಜೆಯ ದಿನ ನಾವು ಇರಲಿಲ್ಲ. ಮೇಸ್ತ್ರಿ ಹೂವಿನ ಹಾರ ಹಾಕಿದ ಬಾಗಿಲುವಾಡದ ಫೋಟೋ ಕಳಿಸಿದರು. ಸಹೋದ್ಯೋಗಿ ಮಾಡೆಲ್‌ನಲ್ಲಿ 'ಬಾಗಿಲು ಆಯಿತು' ಎಂದು ಗುರುತು ಹಾಕಿದಳು.

ಮೊದಲ ಬ್ಲಾಕು ಇಡುವ ದಿನ ಮನೆಯೊಡತಿ ರೋಬೋಟ್‌ಗೂ ಕುಂಕುಮ ಹಚ್ಚಿದರು. ತೋಳು ಗಾರೆ ಸುರಿಯಿತು, ಬ್ಲಾಕು ಎತ್ತಿತು, ಮೆಲ್ಲಗೆ ತಿರುಗಿತು, ನೇರ ಹೋಗಿ ಬಾಗಿಲುವಾಡದ ಕಾಲಿಗೆ ಗುದ್ದಿತು. ನನ್ನ ಭಾಗ ಸರಿಯಾಗಿ ಕೆಲಸ ಮಾಡಿತು: ಎದುರು ಏನೋ ತಡೆಯುತ್ತಿದೆ ಎಂದು ಗೊತ್ತಾದ ಕ್ಷಣ ತೋಳು ನಿಂತಿತು. ಆದರೆ ಸದ್ದು ಆಗಿತ್ತು. ಮನೆಯೊಡತಿ "ಅಯ್ಯೋ ನನ್ನವ್ವಾ!" ಎಂದು ಓಡಿ ಬಂದು ಬಾಗಿಲುವಾಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅರಿಸಿನ ಬಳಿದ ಜಾಗದಲ್ಲಿ ಸಣ್ಣದೊಂದು ತರಚು. ಅವರು ಅದನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ನನಗೆ ಎಲ್ಲಾದರೂ ಹೋಗಿ ಅವಿತುಕೊಳ್ಳೋಣ ಅನ್ನಿಸಿತು.

ಅಲ್ಲಿಂದ ನಮ್ಮ ವನವಾಸ ಶುರುವಾಯಿತು. ಗುರುತುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ತಾಳೆಯಾಗದಿದ್ದಾಗ ನಮ್ಮ ತಂತ್ರಾಂಶ ಜಗಳ ಬಿಡಿಸುವ ಹಿರಿಯರ ಹಾಗೆ ತಪ್ಪನ್ನು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿ, ನಡುವಿನ ಒಂದು ಜಾಗಕ್ಕೆ ಒಪ್ಪಂದ ಮಾಡುತ್ತಿತ್ತು. ಹಾಗಾಗಿ ರೋಬೋಟ್ ಇದ್ದ ಜಾಗ ಒಂದು, ಇದ್ದೇನೆ ಎಂದುಕೊಂಡ ಜಾಗ ಇನ್ನೊಂದು. ಕ್ಯಾಮೆರಾ ಬಿಸಿಲಿಗೆ ಮೋಸ ಹೋಗುತ್ತಿದೆ ಎಂದು ಮೇಲೆ ಶಾಮಿಯಾನ ಕಟ್ಟಿದೆವು. ಲೆನ್ಸು ಬದಲಿಸಿದೆವು. ರೋಬೋಟಿನ ಟ್ಯಾಂಕಿನಂಥ ಪಟ್ಟಿಗಾಲಿ ಮಣ್ಣಿನಲ್ಲಿ ಜಾರುತ್ತಿದೆ ಎಂದು ಕೆಳಗೆ ಹಲಗೆ ಹಾಸಿದೆವು. ಪಕ್ಕದ ಮನೆಯ ಹಸು ಮೊಳೆಗೆ ಕಾಲು ತಾಗಿಸಿರಬಹುದು ಎಂದು ಹಸುವಿನ ಮೇಲೂ ಅನುಮಾನಪಟ್ಟೆವು. ಅನುಮಾನ ಬಾರದೆ ಉಳಿದದ್ದು ಬಾಗಿಲುವಾಡ ಒಂದೇ. ಅಷ್ಟು ಜನ ಕೈಮುಗಿದು ನಿಲ್ಲಿಸಿದ ವಸ್ತು ತಪ್ಪಾದ ಜಾಗದಲ್ಲಿರಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥರದು ಒಂದು ಷರತ್ತಿತ್ತು: ರೋಬೋಟ್ ತನ್ನ ಪಾಲು ಮುಗಿಸುವವರೆಗೆ ಯಾವ ಗೋಡೆಗೂ ಗಾರೆಯವರು ಕೈ ಹಾಕಬಾರದು. ಹಾಕಿದರೆ ಯಂತ್ರದ ಕೆಲಸಕ್ಕೂ ಮನುಷ್ಯರ ಕೆಲಸಕ್ಕೂ ಮಾಡುವ ಹೋಲಿಕೆಯ ಅಂಕಿಅಂಶ ಕೆಡುತ್ತದೆ. ಹೀಗಾಗಿ ನಾವು ತಪ್ಪು ಹುಡುಕುತ್ತ ಕೂತರೆ, ಮೇಸ್ತ್ರಿ ಮತ್ತವರ ಆಳುಗಳು ಬ್ಲಾಕಿನ ರಾಶಿಯ ನೆರಳಲ್ಲಿ ನಮ್ಮನ್ನು ನೋಡುತ್ತ ಕೂತರು.

"ನಿಮ್ ಮಿಷನ್ನು ಟೀ ಕುಡಿಯಲ್ಲ ನೋಡಿ ಮೇಡಂ, ಅದೇ ಅದ್ರ ರೋಗ," ಎನ್ನುತ್ತಿದ್ದರು ಮೇಸ್ತ್ರಿ. "ಒಂದ್ ಗ್ಲಾಸ್ ಕುಡಿಸ್ರಿ, ದಾರಿಗ್ ಬತ್ತೈತೆ."

ನಗಲು ನನಗೆ ಶಕ್ತಿ ಇರಲಿಲ್ಲ. ಬ್ಲಾಕಿನ ಒಂದು ಸಾಲು, ಒಂದೇ ಒಂದು ವರಸೆಯೂ ಏಳದೆ ಅಷ್ಟು ದಿನ ಕಳೆದಿದ್ದವು.

ಒಂದು ಬೆಳಿಗ್ಗೆ ಮನೆಯೊಡತಿ ಹೊಸಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದರು. ಗೋಡೆಯಿಲ್ಲದ ಮನೆಯ ಹೊಸಿಲಿಗೂ ರಂಗೋಲಿ ತಪ್ಪಿರಲಿಲ್ಲ. ಸಹೋದ್ಯೋಗಿ ಅಳತೆಯ ಉಪಕರಣ ಹೂಡಿಕೊಂಡು, ಮತ್ತದೇ ಅಂಕಿ ಬಂತೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ಏನು, ಇವತ್ತೂ ಇಲ್ವಾ?" ಎಂದರು ಮನೆಯೊಡತಿ.

"ಈ ಬಾಗಿಲು ಒಂದು ಗೇಣು ಆಚೆ ಇದೆ ಅಂತ ತೋರಿಸ್ತಿದೆ ಅಮ್ಮಾ. ಮಿಷನ್ನೇ ಕೆಟ್ಟಿರಬೇಕು," ಎಂದೆ.

ಅವರು ರಂಗೋಲಿ ಬಟ್ಟಲು ಕೆಳಗಿಟ್ಟರು. "ಕೆಟ್ಟಿಲ್ಲ ಕಣಮ್ಮಾ. ಪೂಜೆ ದಿನ ನಾವೇ ಸರ್ಸಿದ್ವಲ್ಲಾ! ನೆಟ್ಟಗೆ ಬಾಗ್ಲೆದುರಿಗೆ ಕರೆಂಟ್ ಕಂಬ ಬತ್ತಿತ್ತು. ಬಾಗ್ಲಿಗೆ ಕಂಬ ಎದ್ರಾಗ್ಬಾರ್ದು ಅಂತ ನಮ್ಮಣ್ಣ ಹೇಳ್ದ. ಅದಕ್ಕೇ ಒಂದ್ ಗೇಣು ಸರ್ಸಿ ನಿಲ್ಸಿದ್ವಿ. ನಿಮ್ಗೊತ್ತಿರ್ಲಿಲ್ವಾ?"

ಸಹೋದ್ಯೋಗಿ ನಿಧಾನವಾಗಿ ತಲೆ ಎತ್ತಿ ರಸ್ತೆಯಾಚೆಯ ಕಂಬ ನೋಡಿದಳು. ನಾನು ಮೇಸ್ತ್ರಿಯನ್ನು ನೋಡಿದೆ. ಅವರು ಟೀ ಲೋಟ ಹಿಡಿದು ಎದ್ದು ನಿಂತಿದ್ದರು.

"ಫೋಟೋ ಕಳ್ಸಿದ್ನಲ್ಲ ಮೇಡಂ! ಕಂಪ್ಯೂಟ್ರಿಗೆ ಹಾಕಿದ್ರೆ ಎಲ್ಲಾ ಅದೇ ಅಳ್ಕೊಳುತ್ತೆ ಅಂತ ನೀವೇ ಹೇಳಿದ್ರಲ್ಲ?"

ಹೇಳಿದ್ದೆವು, ನಿಜ. ಡ್ರೋನ್ ಹಾರಿಸಿ ತೆಗೆದ ಸಾವಿರಾರು ಫೋಟೋಗಳ ಬಗ್ಗೆ ಹೇಳಿದ ಮಾತು ಅದು. ಅವರು ಅದನ್ನು ಮಾವಿನೆಲೆ ಕಟ್ಟಿದ ಬಾಗಿಲುವಾಡದ ಒಂದು ಫೋಟೋಗೂ ಅನ್ವಯಿಸಿಕೊಂಡಿದ್ದರು. ತಿಳಿಸಿಯಾಗಿದೆ ಎಂದು ಅವರು, ಎಲ್ಲ ತಿಳಿದಿದೆ ಎಂದು ನಾವು ಅಂದುಕೊಂಡಿದ್ದೆವು. ಯಾರ ಮೇಲೆ ರೇಗುವುದು? ಮೇಸ್ತ್ರಿ ಪೆಚ್ಚಾಗಿ "ಒಂದ್ ಫೋನ್ ಮಾಡ್ಬೇಕಿತ್ತು ನಾನು," ಎಂದು ಲೋಟ ತೊಳೆಯಲು ಹೋದರು. ಸಹೋದ್ಯೋಗಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅವಳ ಫೆಲೋಶಿಪ್ ಮುಂದುವರಿಯುವುದು ಈ ಗೋಡೆಯ ಮೇಲೆ ನಿಂತಿತ್ತು.

ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಒಂದು ಗೇಣು ತಾನೇ, ಹಿಂದಕ್ಕೆ ಸರಿಸಲು ಹೇಳಿ," ಎಂದರು. ಪೂಜೆಯಾದ ಹೊಸಿಲನ್ನು ಕೀಳುವುದೆಂದರೆ ಏನೆಂದು ಅವರಿಗೆ ವಿವರಿಸುವಷ್ಟರಲ್ಲಿ ನನ್ನ ಬಾಯಿ ಒಣಗಿತು. "ಹಾಗಾದರೆ ಪಕ್ಕದಲ್ಲಿ ಬೇರೆ ಗೋಡೆ ಕಟ್ಟಿ ತೋರಿಸಿ. ಹಣ ಕೊಡುವ ಸಂಸ್ಥೆಯ ಪರಿಶೀಲನೆಯವರು ಬಂದು ಹೋಗುವವರೆಗೆ ಮನೆ ಹಾಗೇ ಇರಲಿ," ಎಂದರು.

ಫೋನ್ ಇಟ್ಟು ತಿರುಗಿದರೆ ಮನೆಯೊಡತಿ ಹಿಂದೆಯೇ ನಿಂತಿದ್ದರು. ನನ್ನ ಪಾಲಿನ ಮಾತು ಅವರಿಗೆ ಕೇಳಿಸಿತ್ತು.

"ನೋಡಮ್ಮಾ, ನಿಮ್ ಓದು, ನಿಮ್ ಕೆಲ್ಸ, ನಂಗೊತ್ತಾಗಲ್ಲ. ಬೀಗ್ರು ದಿನ ನೋಡಿ ಆಗೋಯ್ತು. ಅದ್ ಬಿಟ್ರೆ ಮುಂದೆ ಒಳ್ಳೆ ದಿನ ಇಲ್ಲ, ಎಂಟ್ರಲ್ಲಿ ಕಳ್ಸಲ್ಲ. ಚೊಚ್ಚಲ ಹೆರಿಗೆಗೆ ತಾಯಿ ಮನೆ ಇಲ್ಲ ಅನ್ನಿಸ್ಕೊಂಡ್ರೆ ನನ್ ಮಗಳು ಆ ಮನೇಲಿ ಹೆಂಗ್ ತಲೆ ಎತ್ತಾಳು? ಈ ತಗಡಿನ ಕೆಳ್ಗೆ ಬಸ್ರಿ ಹೆಂಗ್ಸನ್ನ ಮಲಗ್ಸಕ್ಕಾಯ್ತದಾ?"

ಖಂಡಿತ ಎದ್ದಿರುತ್ತವೆ ಎಂದವಳು ನಾನು. ಹೋಲಿಕೆಯ ಅಂಕಿಅಂಶಕ್ಕೆ ಬೆಂಕಿ ಬೀಳಲಿ ಅನ್ನಿಸಿತು. ಅಲ್ಲೇ ನಿಂತು ಮೇಸ್ತ್ರಿಯನ್ನು ಕರೆದು ಹೇಳಿದೆ: ಮುಂಬಾಗಿಲ ಬಲಗಡೆಯ ಗೋಡೆ ಒಂದು ನಮಗಿರಲಿ, ಉಳಿದದ್ದೆಲ್ಲ ನಿಮ್ಮದು, ಇವತ್ತೇ ಶುರು ಮಾಡಿ, ಹಿಂದಿನ ಕೋಣೆ ಮೊದಲು. ಮೇಸ್ತ್ರಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಅವರ ಆಳುಗಳು ಎದ್ದ ರಭಸಕ್ಕೆ ಬ್ಲಾಕಿನ ರಾಶಿಯೇ ಅಲುಗಾಡಿತು. ಮುಖ್ಯಸ್ಥರಿಗೆ ಸಂಜೆ ತಿಳಿಸಿದೆ. ಅವರು ಆಡಿದ ಮಾತನ್ನು ಇಲ್ಲಿ ಬರೆಯದಿರುವುದೇ ಚೆನ್ನ.

ನಮ್ಮ ಪಾಲಿನ ಒಂದು ಗೋಡೆಗೆ ಸಹೋದ್ಯೋಗಿ ಮಾಡೆಲ್ಲನ್ನೇ ತಿರುಗಿಸಿ ಕಟ್ಟಿದಳು. ಪಾಯದ ಮೂಲೆಯಿಂದ ಬಾಗಿಲು ಎಷ್ಟು ದೂರ ಎಂದು ಕೇಳುವುದನ್ನು ಬಿಟ್ಟು, ಬಾಗಿಲುವಾಡದ ಕಾಲನ್ನೇ ಸೊನ್ನೆ ಎಂದು ಇಟ್ಟುಕೊಂಡು, ಅಲ್ಲಿಂದ ಉಳಿದದ್ದನ್ನು ಅಳೆದಳು. ಇಲ್ಲಿಯ ಜನ ಮನೆ ಕಟ್ಟುವುದೂ ಹಾಗೆಯೇ ತಾನೇ. ಬಾಗಿಲ ಬಳಿ ಬರಬೇಕಿದ್ದ ತುಂಡು ಬ್ಲಾಕು ಮೂಲೆಗೆ ಹೋಯಿತು. ಬ್ಲಾಕಿನ ಎತ್ತರದ ತಕರಾರಿಗೆ ನಾನು, ಇಂಥ ಎತ್ತರಕ್ಕೆ ಇಡು ಎಂದು ತೋಳಿಗೆ ಹೇಳುವುದನ್ನು ನಿಲ್ಲಿಸಿ, ಗಾರೆ ಇಷ್ಟು ಎದುರೊತ್ತುವವರೆಗೆ ಒತ್ತು ಎಂದು ಬರೆದೆ. ವರಸೆ ಮುಗಿದ ಮೇಲೆ ಮಟ್ಟ ನೋಡಿ, ಮುಂದಿನ ವರಸೆಯ ಗಾರೆಯಲ್ಲಿ ಸರಿದೂಗಿಸುವುದು. ಅದು ಕೆಲಸ ಮಾಡಿತು. ಬ್ಲಾಕು ಕೂತು, ಎರಡೂ ಪಕ್ಕದಿಂದ ಗಾರೆ ಒಂದೇ ಸಮ ಉಕ್ಕಿ ಬಂದಾಗ ಮೇಸ್ತ್ರಿ ರಸಮಟ್ಟ ಇಟ್ಟು ನೋಡಿ "ಪರವಾಗಿಲ್ವೇ," ಎಂದರು. ಆ ತಿಂಗಳುಗಳಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ.

ಪರಿಶೀಲನೆಯ ದಿನವೂ ಮಗಳು ಬರುವ ದಿನವೂ ಒಂದೇ ಆಗಿತ್ತು. ಅದರಲ್ಲೇನೂ ತೊಂದರೆ ಕಾಣಲಿಲ್ಲ. ಪರಿಶೀಲನೆ ಬೆಳಿಗ್ಗೆ, ಮಗಳು ಮನೆ ಸೇರುವ ಗಳಿಗೆ ಮಧ್ಯಾಹ್ನಕ್ಕೆ ಮುಂಚೆ. ಹಿಂದಿನ ಕೋಣೆಗಳು ಎದ್ದು, ಮೇಲೆ ಶೀಟು ಹೊದಿಸಿಯಾಗಿತ್ತು. ಮಂಚವೂ ಬಂದಿತ್ತು. ನಮ್ಮ ಬಲಗಡೆಯ ಗೋಡೆಯನ್ನು ರೋಬೋಟ್ ಮನುಷ್ಯರ ಕೈ ಸೋಕದೆ, ನಡುವೆ ನಿಲ್ಲದೆ ಕಿಟಕಿಯ ಮಟ್ಟದವರೆಗೆ ಕಟ್ಟಬೇಕು. ನಿಂತರೆ ಆ ಪ್ರಯೋಗ ಲೆಕ್ಕಕ್ಕಿಲ್ಲ.

ಪರಿಶೀಲನೆಯವರು ಬರಲಿಲ್ಲ. ಫೋನ್ ಮಾಡಿದರೆ, ಹೇಗೂ ಈ ಕಡೆ ಬಂದಿದ್ದೇವೆಂದು ಕೆಮ್ಮಣ್ಣುಗುಂಡಿಗೆ ಹತ್ತಿದ್ದಾರೆ, ಮಂಜಿದೆ, ಇಳಿಯುತ್ತಿದ್ದಾರೆ ಎಂದು ತಿಳಿಯಿತು. ಮುಖ್ಯಸ್ಥರನ್ನೂ ಕೂರಿಸಿಕೊಂಡು ಅವರ ಕಾರು ಬಂದಾಗ ಗಾರೆಯನ್ನು ಎರಡನೆಯ ಸಲ ಕಲಸಿಯಾಗಿತ್ತು. ತಕ್ಷಣ ಶುರು ಮಾಡಿದೆವು.

ಬಾಗಿಲೆದುರಿಗೆ ನಿಲ್ಲಿಸಿದ್ದ ರೋಬೋಟ್ ಅವತ್ತು ಹಟ ಮಾಡಲಿಲ್ಲ. ವರಸೆಯ ಮೇಲೆ ವರಸೆ ಬಂತು. ಪರಿಶೀಲನೆಯ ಹಿರಿಯರು ಮೊಬೈಲಿನಲ್ಲಿ ವೀಡಿಯೊ ತೆಗೆಯುತ್ತಿದ್ದರು, ಮುಖ್ಯಸ್ಥರ ಮುಖ ಸಡಿಲವಾಗಿತ್ತು. ಸಹೋದ್ಯೋಗಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಕಿಟಕಿಯ ಮಟ್ಟಕ್ಕೆ ಇನ್ನು ಸ್ವಲ್ಪವೇ ಬಾಕಿ. ಆಗ ಅಜ್ಜಂಪುರದ ಕಾರು ಬಂದು ನಿಂತಿತು.

ಮಗಳು ಮೆಲ್ಲಗೆ ಇಳಿದಳು. ಇನ್ನೂ ಚಿಕ್ಕ ವಯಸ್ಸು, ಹಸಿರು ಸೀರೆ, ದಾರಿಯ ಕುಲುಕಾಟಕ್ಕೆ ಬೆವೆತ ಮುಖ. ಬೀಗರು ಹಣ್ಣಿನ ಬುಟ್ಟಿ ಹಿಡಿದು ಹಿಂದೆ ನಿಂತರು. ಮನೆಯೊಡತಿ ಕೆಂಪು ಆರತಿಯ ತಟ್ಟೆ ತಂದರು. ಮಗಳು ಅಂಗಳಕ್ಕೆ ಕಾಲಿಟ್ಟ ಕೂಡಲೇ ಯಂತ್ರದ ಸುರಕ್ಷತೆಯ ಸೆನ್ಸರ್ ಅವಳನ್ನು ಕಂಡು ರೋಬೋಟನ್ನು ನಿಲ್ಲಿಸಿತು. ತೋಳು ಬ್ಲಾಕು ಹಿಡಿದು ಬಾಗಿಲಿಗೆ ಅಡ್ಡ, ಗಾಳಿಯಲ್ಲಿ ನಿಂತಿತು.

"ಪರವಾಗಿಲ್ಲ, ಅವರು ದೂರ ಸರಿದರೆ ಅದೇ ಮುಂದುವರಿಯುತ್ತೆ. ಅದನ್ನ ನಿಂತದ್ದು ಅಂತ ಬರ್ಕೊಳ್ಳಲ್ಲ," ಎಂದರು ಪರಿಶೀಲನೆಯ ಹಿರಿಯರು, ದೊಡ್ಡ ಮನಸ್ಸಿನಿಂದಲೇ. ಎಡಗಡೆಯ ಗೋಡೆಯಲ್ಲಿ ಮೇಸ್ತ್ರಿ ಸಾಮಾನು ಸಾಗಿಸಲು ಬಿಟ್ಟಿದ್ದ ಸಂದಿಯನ್ನು ತೋರಿಸಿ, "ಅವರನ್ನು ಅಲ್ಲಿಂದ ಒಳಗೆ ಕಳಿಸಿಬಿಡಿ," ಎಂದರು.

ಮನೆಯೊಡತಿಯ ಕೈಯಲ್ಲಿ ಆರತಿಯ ನೀರು ತುಳುಕಿತು. "ಗೋಡೆ ಸಂದೀಲಿ ಸಾಗ್ಸೋದು ಯಾರ್ನ ಅಂತ ಗೊತ್ತೇನ್ ಸ್ವಾಮಿ ನಿಮ್ಗೆ?" ಎಂದರು. ದನಿ ಜೋರಾಗಿರಲಿಲ್ಲ. ಕೆಟ್ಟ ನಕ್ಷತ್ರದಲ್ಲಿ ಸತ್ತವರನ್ನು ಬಾಗಿಲಿನಿಂದ ತರದೆ ಗೋಡೆ ಒಡೆದು ಹೊರಗೆ ಸಾಗಿಸುವುದು ಈ ಕಡೆಯ ವಾಡಿಕೆ. ಬೀಗರ ಮುಖ ಕಪ್ಪಿಟ್ಟಿತು. ಮಗಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದಳು. ಗಳಿಗೆ ಕಳೆಯುತ್ತಿತ್ತು.

ರೋಬೋಟನ್ನು ಬಾಗಿಲಿನಿಂದ ಹಿಂದಕ್ಕೆ ತೆಗೆದರೆ ಅದರ ಲೆಕ್ಕವೆಲ್ಲ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ ಗುರುತು ಹಿಡಿಸಬೇಕು. ಸುರಿದ ಗಾರೆ ಅಷ್ಟರಲ್ಲಿ ಬಿಗಿದುಕೊಳ್ಳುತ್ತದೆ. ಪ್ರಯೋಗ ಅಲ್ಲಿಗೆ ಮುಗಿದಂತೆ. ನಾನು ಸಹೋದ್ಯೋಗಿಯ ಮುಖ ನೋಡಿದೆ. ಕಳೆದುಕೊಳ್ಳುವವಳು ನನಗಿಂತ ಹೆಚ್ಚು ಅವಳು. ಅವಳು ನನ್ನ ಮೊಣಕೈ ಬಿಟ್ಟು, "ತೆಗಿ ಅಕ್ಕಾ," ಎಂದಳು.

ಕೆಂಪು ಗುಂಡಿ ಒತ್ತಿದೆ. ಬ್ಲಾಕನ್ನು ಕೆಳಗಿಳಿಸಿ, ತೋಳು ಮಡಿಸಿ, ಯಂತ್ರವನ್ನು ಹಲಗೆಯ ಮೇಲೆ ಹಿಂದಕ್ಕೆ ನಡೆಸಿದೆ. ಮೇಸ್ತ್ರಿ ಓಡಿ ಬಂದು ಹೊಸಿಲ ಮೇಲೆ ಬಿದ್ದಿದ್ದ ಗಾರೆಯನ್ನು ತಮ್ಮ ಟವೆಲಿನಿಂದಲೇ ಒರೆಸಿದರು. ತಾಯಿ ಆರತಿ ಎತ್ತಿದರು. ಮಗಳು ಬಲಗಾಲಿಟ್ಟು ಒಳಗೆ ಹೋದಳು, ತರಚು ಬಿದ್ದಿದ್ದ ಬಾಗಿಲುವಾಡದ ಕಾಲನ್ನು ಆತುಕೊಂಡು. ನನ್ನ ಕಣ್ಣು ತುಂಬಿತು. ಸುಸ್ತಿಗೂ ಹಾಗಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಪರಿಶೀಲನೆಯವರು ಹೋಳಿಗೆ ಊಟ ಮಾಡಿಕೊಂಡು, ಒಳ್ಳೆಯ ಮಾತಾಡಿ, ಹೊರಟರು. ಅರ್ಧಕ್ಕೆ ನಿಂತ ಗೋಡೆಯನ್ನು ಮೇಸ್ತ್ರಿ ಹೊತ್ತು ಮುಳುಗುವುದರೊಳಗೆ ಮುಗಿಸಿದರು. ನಮ್ಮ ವರಸೆ ಎಲ್ಲಿ ಮುಗಿದು ಅವರದು ಎಲ್ಲಿ ಶುರುವಾಯಿತು ಎಂದು ನನಗೆ ಕಾಣುತ್ತಿತ್ತು. ಪ್ಲಾಸ್ಟರ್ ಆದ ಮೇಲೆ ಅದೂ ಕಾಣಲಿಲ್ಲ. ಗೋದಾಮಿಗೆ ಬಂದು ಯಂತ್ರದ ದಾಖಲೆ ತೆರೆದೆ. ಅದು ನಿಂತ ಕಾರಣವನ್ನು ತಾನೇ ಬರೆದುಕೊಳ್ಳುತ್ತದೆ, ನಾವೇ ಕಲಿಸಿದ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ, 'ಅಪ್ಪಣೆಯಿಲ್ಲದ ವ್ಯಕ್ತಿಯ ಪ್ರವೇಶ' ಎಂದಿತ್ತು. ಅದನ್ನು ಓದಿ ಸಹೋದ್ಯೋಗಿ ಜೋರಾಗಿ ನಕ್ಕಳು. ಅವಳು ನಕ್ಕದ್ದನ್ನು ಕೇಳಿ ಬಹಳ ದಿನವಾಗಿತ್ತು.

ಪ್ರಾಜೆಕ್ಟು ಮುಂದುವರಿಯಲಿಲ್ಲ. ಸಹೋದ್ಯೋಗಿ ಬೇರೆ ಕೆಲಸ ಹಿಡಿದಳು. ಹೋಗುವ ಮುನ್ನ ಮಾಡೆಲ್‌ನಲ್ಲಿ ಒಂದು ಕೆಲಸ ಮಾಡಿಟ್ಟಿದ್ದಳು, ಮನೆಯೆದುರು ರಸ್ತೆಯಾಚೆ ಒಂದು ಕರೆಂಟು ಕಂಬ ನಿಲ್ಲಿಸಿದ್ದಳು. ರೋಬೋಟ್ ಮತ್ತೆ ನುಣುಪು ನೆಲಕ್ಕೆ ಹೋಯಿತು. ನಾನು ವರದಿ ಬರೆಯುತ್ತ ಕೂತಿದ್ದಾಗ ಮನೆಯೊಡತಿಯ ಫೋನ್ ಬಂತು. ಮೊಮ್ಮಗಳು ಹುಟ್ಟಿದ್ದಳು, ತಾಯಿ ಮಗು ಇಬ್ಬರೂ ಮನೆಗೆ ಬಂದಿದ್ದರು.

"ತೊಟ್ಲಿಗೆ ಹಾಕೋ ದಿನ ಬರ್ಲೇಬೇಕು ಮೇಡಂ, ಕಂಪ್ಯೂಟರ್ ಮೇಡಮ್ಮನ್ನೂ ಕರ್ಕೊಂಡು," ಎಂದರು. ನಾನು ಕೆಲಸವಿದೆ, ನೋಡೋಣ ಎಂದು ಏನೇನೋ ತೊದಲಿದೆ. ಅವರು ನಕ್ಕರು.

"ಬನ್ನೀ ಅಂದ್ರೆ. ಬಾಗ್ಲಿಗೆ ಈಗ ಯಾರೂ ಅಡ್ಡ ನಿಂತಿಲ್ಲ."